ಸೊನ್ನೆಯಿಂದ ನಾನೂರ ತೊಂಬತ್ತೊಂಬತ್ತು

ವರದಿಯ ಆ ಪುಟ ಮತ್ತೆ ವಾಪಸ್ಸು ಬಂದಿತ್ತು. ಈ ಸಲ ಕೆಂಪು ಗೆರೆ ಬಿದ್ದದ್ದು 'ಕೆಲವು' ಎಂಬ ಮಾತಿನ ಮೇಲೆ. 'ಈ ವರ್ಷ ಸರ್ಕಾರದಿಂದ ನಮಗೆ ಕೆಲವು ಗೋಪ್ಯ ಆದೇಶಗಳು ಬಂದಿವೆ' ಎಂದು ಅವಳು ಬರೆದಿದ್ದಳು. ಕೆಲವು ಎಂದರೆ ಸೊನ್ನೆಯಲ್ಲ ಎಂದು ಒಪ್ಪಿಕೊಂಡ ಹಾಗಾಯಿತಲ್ಲ ಎಂದು ಕಂಪನಿಯ ವಕೀಲರು ಪಕ್ಕದಲ್ಲಿ ಗೀಚಿದ್ದರು. ಸೊನ್ನೆ ಎನ್ನುವಂತಿಲ್ಲ, ಸೊನ್ನೆಯಲ್ಲ ಎನ್ನುವಂತೆಯೂ ಇಲ್ಲ. ಎನ್ನಬಹುದಾದದ್ದು ಒಂದೇ, ಸೊನ್ನೆಯಿಂದ ನಾನೂರ ತೊಂಬತ್ತೊಂಬತ್ತರೊಳಗೆ. ಲಕ್ಷಗಟ್ಟಲೆ ಜನ ತಮ್ಮ ಮೇಲ್‌ಗಳನ್ನು ನಂಬಿ ಒಪ್ಪಿಸಿದ ಕಂಪನಿ ಅದು. ಯಾರ ಮೇಲ್ ಓದಬೇಕೆಂದು ಸರ್ಕಾರ ಕೇಳುತ್ತದೋ ಅದನ್ನು ಅವರಿಗೆ ಗೊತ್ತಾಗದಂತೆ ತೆಗೆದುಕೊಡಬೇಕು, ಕೊಟ್ಟೆವೆಂದು ಯಾರ ಹತ್ತಿರವೂ ಬಾಯಿಬಿಡಬಾರದು, ಬಿಟ್ಟರೆ ಜೈಲು. ವರ್ಷಕ್ಕೊಮ್ಮೆ ಇಷ್ಟರಿಂದ ಇಷ್ಟರೊಳಗೆ ಎಂದು ಪ್ರಕಟಿಸಲು ಮಾತ್ರ ಅನುಮತಿ. ಮದುವೆಗೆ ಎಷ್ಟು ಜನ ಬಂದಿದ್ದರು ಎಂದು ಕೇಳಿದರೆ, ಒಬ್ಬರೂ ಬರದೆ ಇರಬಹುದು, ಕಾಲಿಡಲು ಜಾಗವಿಲ್ಲದಷ್ಟು ಬಂದಿರಲೂಬಹುದು ಎಂದ ಹಾಗೆ. ಮೊದಲ ವರ್ಷ ಈ ಸಾಲನ್ನು ಟೈಪ್ ಮಾಡುವಾಗ ಅವಳು ನಕ್ಕಿದ್ದಳು, ಪಕ್ಕದವರಿಗೂ ತೋರಿಸಿ ನಗಿಸಿದ್ದಳು. ಈ ಬೆಳಿಗ್ಗೆ ಮಾತ್ರ ಅದನ್ನು ಟೈಪ್ ಮಾಡಿ ಮುಗಿಸುವಷ್ಟರಲ್ಲಿ ಎರಡು ಸಲ ತಪ್ಪು ಒತ್ತಿದಳು. ಆ ಎರಡು ಅಂಕಿಗಳ ನಡುವೆ ಎಲ್ಲೋ ಒಂದು ಕಡೆ ಅವಳ ಸ್ವಂತ ತಮ್ಮ ಇದ್ದ.

ಆ ಆದೇಶ ಕಳೆದ ತಿಂಗಳು ಬಂದದ್ದು, ಅವಳದೇ ಪಾಳಿಯಲ್ಲಿ. ಆದೇಶಗಳಲ್ಲಿ ಹೆಸರಿರುವುದಿಲ್ಲ, ಮೇಲ್ ವಿಳಾಸವಷ್ಟೆ; ಕಾರಣವಿರುವುದಿಲ್ಲ, ಕಾನೂನಿನ ಕಲಮು ಮಾತ್ರ. ಹಾಗಾಗಿಯೇ ಈ ಕೆಲಸ ಮಾಡಿಯೂ ಮನುಷ್ಯರಿಗೆ ನಿದ್ದೆ ಬರುತ್ತದೆ. ಆದರೆ ಆ ವಿಳಾಸ ಅವಳೇ ಮಾಡಿಕೊಟ್ಟದ್ದು. ತಮ್ಮ ಶಾಲೆಯಲ್ಲಿದ್ದಾಗ ದುಂಡಗಿದ್ದ, ಎಲ್ಲರೂ ಡುಮ್ಮಣ್ಣ ಎನ್ನುತ್ತಿದ್ದರು, ಅವಳು ಅದೇ ಹೆಸರಿನಲ್ಲಿ ಖಾತೆ ತೆರೆದು ಕೊಟ್ಟು ಅವನನ್ನು ಅಳಿಸಿದ್ದಳು. ಆಮೇಲೆ ಅವನು ಕಡ್ಡಿಯ ಹಾಗಾದ, ವಿಳಾಸ ಹಾಗೇ ಉಳಿಯಿತು. ಸಂಬಂಧಿಕರ ವಿಷಯ ಬಂದರೆ ಕೂಡಲೇ ವಕೀಲರಿಗೆ ಹೇಳಿ ಆ ಕಡತದಿಂದ ದೂರ ಸರಿಯಬೇಕೆಂಬುದು ನಿಯಮ. ಎದ್ದು ಹೋಗಿ ಹೇಳಿದ್ದರೆ ಏನಾಗುತ್ತಿತ್ತು? ಬೇರೆ ಯಾರೋ ಕೊಡುತ್ತಿದ್ದರು. ಆದರೆ ಅವತ್ತಿನಿಂದ ಅವಳು 'ಗೊತ್ತಿದ್ದವಳು' ಆಗುತ್ತಿದ್ದಳು. ನಾಳೆ ತಮ್ಮ ಒಂದು ಪಾಸ್‌ವರ್ಡ್ ಬದಲಾಯಿಸಿದರೂ ಎಲ್ಲರೂ ಅವಳ ಕಡೆ ಬೆರಳು ತೋರಿಸುತ್ತಿದ್ದರು. ಇದನ್ನೆಲ್ಲ ಯೋಚಿಸಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ, ಅದೇ ನಾಚಿಕೆ. ಅವನ ಮೇಲ್‌ಗಳನ್ನು ಸರ್ಕಾರಕ್ಕೆ ಒಪ್ಪಿಸುವ ಗುಂಡಿ ಒತ್ತಿದಳು. ಆಮೇಲೆ ಊಟದ ಡಬ್ಬಿ ತೆಗೆದು ಒಂದು ತುತ್ತೂ ಬಿಡದೆ ತಿಂದಳು, ಉಪ್ಪು ಕಮ್ಮಿಯಾಗಿದೆ ಅಂದುಕೊಂಡಳು. ಒತ್ತಿದ್ದಕ್ಕಿಂತ ಆ ಉಪ್ಪಿನ ಯೋಚನೆ ನೆನಪಾದಾಗ ಅವಳಿಗೆ ಈಗಲೂ ಮೈಯೆಲ್ಲ ಹಿಡಿಯಾಗುತ್ತದೆ.

ಬೆಳಿಗ್ಗೆ ಅವಳು ಬಾಗಿಲಿಗೆ ಬೀಗ ಹಾಕುತ್ತಿರುವಾಗ ತಮ್ಮನ ಹೆಂಡತಿ ಫೋನ್ ಮಾಡಿದ್ದಳು. "ಅತ್ತಿಗೆ, ಇವತ್ತು ಸಂಜೆ ಮನೋವೈದ್ಯರ ಹತ್ರ ಟೈಮ್ ತಗೊಂಡಿದೀನಿ. ಇವರು ಸುತಾರಾಂ ಬರಲ್ಲ ಅಂತಿದ್ರು. ಕೊನೆಗೆ ಏನಂದ್ರು ಗೊತ್ತಾ? ನನ್ನ ಮೇಲ್ ಯಾರಾದ್ರೂ ಓದ್ತಿದಾರಾ ಅಂತ ಕೇಳಿದಾಗ ಅಕ್ಕ ನನ್ನ ಮುಖ ನೋಡಿ ಇಲ್ಲ ಅಂದುಬಿಟ್ರೆ ನನಗೇ ತಲೆ ಕೆಟ್ಟಿದೆ ಅಂತ ಒಪ್ಕೋತೀನಿ, ನೀನು ಕರೆದ ಕಡೆ ಬರ್ತೀನಿ ಅಂದ್ರು. ಮಧ್ಯಾಹ್ನ ರಜ ಹಾಕಿ ಬಂದುಬಿಡಿ ಅತ್ತಿಗೆ. ಒಂದೇ ಒಂದು ಮಾತು. ಇಲ್ಲ ಅಂತ ಹೇಳಿ, ಸಾಕು." ಬರುತ್ತೇನೆ ಎಂದಳು. ಬರುವುದಿಲ್ಲ ಎಂದರೆ ಅದಕ್ಕೂ ಒಂದು ಅರ್ಥ ಹುಟ್ಟುತ್ತಿತ್ತು.

ತಮ್ಮ ಸಾರಿಗೆ ಸಂಸ್ಥೆಯಲ್ಲಿ ಬಸ್ ಚಾಲಕರ ಪಾಳಿ ಹಾಕುವ ಗುಮಾಸ್ತ, ಜೊತೆಗೆ ಅವರ ಸಂಘದ ಕಾರ್ಯದರ್ಶಿ. ಕಾರ್ಯದರ್ಶಿ ಎಂದರೆ ಭಾರಿ ಪುಢಾರಿಯೇನೂ ಅಲ್ಲ. ಬೇರೆ ಯಾರೂ ಮುಂದೆ ಬರಲಿಲ್ಲ, ಇವನ ಅಕ್ಷರ ದುಂಡಗಿದೆ ಎಂದು ಕೂರಿಸಿದರು. ಎರಡು ಪಾಳಿಗಳ ಮಧ್ಯೆ ಚಾಲಕರಿಗೆ ಕಣ್ಣು ತುಂಬ ನಿದ್ದೆ ಮಾಡುವಷ್ಟು ಬಿಡುವು ಬೇಕು, ಇಲ್ಲದಿದ್ದರೆ ಬಸ್ಸು ನಿಲ್ಲಿಸುತ್ತೇವೆ ಎಂಬುದು ಅವರ ಹಟ. ಅದರ ಬಗ್ಗೆ ಮಾತಾಡಲು ಲಾಂಡ್ರಿಯ ಹಿಂದಿನ ದೊಡ್ಡ ಕೋಣೆಯಲ್ಲಿ ಸೇರೋಣ ಎಂದು ತಮ್ಮ ನಾಲ್ಕು ಜನರಿಗೆ ಮೇಲ್ ಹಾಕಿದ್ದ. ಹೋಗಿ ನೋಡಿದರೆ ಕೋಣೆಗೆ ಬೀಗ, ರಿಪೇರಿ ಎಂಬ ಬೋರ್ಡು. ಮುಂದಿನ ಸಲ ಬೇರೆ ಕಡೆ ಗೊತ್ತುಮಾಡಿದರೆ ಅಲ್ಲಿ ಬಾಗಿಲಲ್ಲೇ ಇಬ್ಬರು ಪೊಲೀಸರು. ಅಲ್ಲಿಯವರೆಗೆ ಮನೆಯವರೂ ಅವನ ಪಕ್ಷವೇ, ಯಾರೋ ಚಾಡಿ ಹೇಳಿದಾರೆ ಬಿಡು ಎಂದಿದ್ದರು. ಆದರೆ ಮೂರನೆಯದನ್ನು ಯಾರೂ ನಂಬಲಿಲ್ಲ. ಅವನು ಯಾರಿಗೂ ಕಳಿಸದೆ, ಬರೆದು ಹಾಗೇ ಇಟ್ಟಿದ್ದ ಮೇಲ್‌ನಲ್ಲಿದ್ದ ಒಂದು ಮಾತನ್ನು ಮೇಲಧಿಕಾರಿ ಅವನ ಎದುರಿಗೇ ಆಡಿದನಂತೆ, ಪದಕ್ಕೆ ಪದ ಅದೇ. ಕಳಿಸದ ಮೇಲ್ ಯಾರಾದ್ರೂ ಓದ್ತಾರೇನೋ ಎಂದು ಅಮ್ಮ ಕೇಳಿದ್ದಳು. ಓದುತ್ತಾರೆ ಎಂದು ಆ ಮನೆಯಲ್ಲಿ ತಿಳಿದಿದ್ದವಳು ಒಬ್ಬಳೇ, ಅವಳು ಕಾಫಿ ಲೋಟ ತೊಳೆಯುವ ನೆಪ ಮಾಡಿ ಎದ್ದು ಹೋಗಿದ್ದಳು. ಅಂದಿನಿಂದ ತಮ್ಮ ಫೋನನ್ನು ಕುಕ್ಕರಿನಲ್ಲಿ ಹಾಕಿ ಮುಚ್ಚಳ ಬಿಗಿದಿಡಲು ಶುರುಮಾಡಿದ. ಹೆಂಡತಿ ಒಂದು ದಿನ ನೋಡದೆ ಅದಕ್ಕೇ ನೀರು ಸುರಿದಳು. ಮಾತಾಡಬೇಕಾದರೆ ನಲ್ಲಿ ಬಿಟ್ಟು ಅದರ ಸದ್ದಿನಲ್ಲಿ ಮಾತಾಡುತ್ತಾನೆ. ನೀರಿನ ಬಿಲ್ಲು ಯಾರಪ್ಪ ಕಟ್ತಾನೆ ಎಂದು ಹೆಂಡತಿ ಆ ಸದ್ದಿನ ಮೇಲೇ ಕೂಗುತ್ತಾಳೆ. ಮೊದಮೊದಲು ನಗು ಬರುತ್ತಿತ್ತು. ಈಗ ಅವನು ನಿದ್ದೆ ಮಾಡುತ್ತಿಲ್ಲ. ಅದಕ್ಕಿಂತ ಹೆಚ್ಚಾಗಿ, ತನ್ನ ತಲೆಯ ಮೇಲೆ ತನಗೇ ನಂಬಿಕೆ ಹೋಗುತ್ತಿದೆ. ಹೋದ ವಾರ ಬಂದು ಕೂತವನು, ನಾನು ಆ ಮಾತು ಬರೆದಿದ್ದೆನಾ ಅಕ್ಕ, ಅಥವಾ ಅವನು ಹೇಳಿದ ಮೇಲೆ ಬರೆದಿದ್ದೆ ಅಂತ ಅನ್ನಿಸ್ತಾ ಇದೆಯಾ, ಎಂದು ಕೇಳಿದ್ದ. ಅವಳು ಅವನ ಬೆನ್ನು ಸವರಿದ್ದಳು, ಸರಿಯಾಗಿ ಊಟ ಮಾಡು ಎಂದಿದ್ದಳು.

ಇಷ್ಟಕ್ಕೂ ಇಲ್ಲ ಎಂಬ ಒಂದೇ ಮಾತು ಅವನಿಗೆ ಇಷ್ಟು ದೊಡ್ಡದಾದದ್ದು ಅವಳ ತಪ್ಪಿನಿಂದಲೇ. ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಅವಳೇ ಪಾಠ ಹೇಳುವವಳು. ನನ್ನ ಬಗ್ಗೆ ಏನಾದರೂ ಕೇಳಿದ್ದಾರಾ ಎಂದು ಗ್ರಾಹಕರು ಫೋನ್ ಮಾಡಿದರೆ ಹೇಳಬೇಕಾದ ವಾಕ್ಯ ಒಂದಿದೆ: ಅಂಥ ವಿಷಯದಲ್ಲಿ ಹೌದೆಂದೂ ಹೇಳಲಾಗುವುದಿಲ್ಲ, ಇಲ್ಲವೆಂದೂ ಹೇಳಲಾಗುವುದಿಲ್ಲ. ನಿಜವಾಗಿಯೂ ಏನೂ ಬಂದಿಲ್ಲದಿದ್ದರೂ ಅದೇ ವಾಕ್ಯ. ಯಾಕೆ ಮೇಡಂ, ಪಾಪ, ಇಲ್ಲದವರಿಗೆ ಇಲ್ಲ ಅನ್ನಬಹುದಲ್ಲ ಎಂದು ಪ್ರತಿ ಸಲವೂ ಯಾರಾದರೊಬ್ಬರು ಕೇಳುತ್ತಾರೆ. ಇವತ್ತು ಇಲ್ಲ ಅಂದರೆ, ಇಲ್ಲ ಅನ್ನೋಕೆ ಆಗದ ದಿನ ಏನು ಮಾಡ್ತೀರಿ ಎಂದು ಅವಳು ತಿರುಗಿ ಕೇಳುತ್ತಾಳೆ, ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಳ್ಳುತ್ತ. ಅಷ್ಟೆಲ್ಲ ತಿಳಿದವಳು ಮನೆಯಲ್ಲಿ ಏನು ಮಾಡಿದಳು? ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ ಊಟದ ಮಧ್ಯೆ ತಮ್ಮ, ಏನಕ್ಕ, ನನ್ನ ಹೆಸರು ಬಂತಾ ಎಂದು ಕೆಣಕಿದ. ನಿನ್ನನ್ನ ಯಾರೋ ಕೇಳ್ತಾರೆ, ಮುಚ್ಕೊಂಡು ಊಟ ಮಾಡು, ಇಲ್ಲ ಎಂದಳು. ಅದೇ ಪದ್ಧತಿಯಾಯಿತು. ಸೇರಿದಾಗಲೆಲ್ಲ ಅವನು ಕೇಳಬೇಕು, ಅವಳು ಇಲ್ಲ ಎನ್ನಬೇಕು, ಅಮ್ಮ ಇಬ್ಬರಿಗೂ ಬೈಯಬೇಕು. ಆ ಇಲ್ಲಗಳೆಲ್ಲ ನಿಜವಾಗಿದ್ದವು. ಅದರಿಂದಲೇ ಈಗ ಅವಳ ಬಾಯಿಂದ ಬರುವ ಇಲ್ಲಕ್ಕೆ ಅವನ ಮನಸ್ಸಿನಲ್ಲಿ ಅಷ್ಟು ತೂಕ. ಆದೇಶ ಬಂದ ಮೇಲೆ ಅವನು ತಮಾಷೆಗೂ ಕೇಳಿಲ್ಲ, ಕೇಳಲು ಭಯಪಟ್ಟಿದ್ದಾನೆ. ಅವಳೂ ಅವನ ಮನೆಗೆ ಊಟದ ಹೊತ್ತಿಗೆ ಹೋಗುವುದನ್ನು ತಪ್ಪಿಸಿಕೊಂಡು ಬಂದಿದ್ದಾಳೆ.

ತಿದ್ದಿದ ಪುಟ ಹಿಡಿದುಕೊಂಡು ವಕೀಲರ ಕೋಣೆಗೆ ಹೋದಳು. ಅವರು ಬಾಳೆಹಣ್ಣು ಸುಲಿಯುತ್ತಿದ್ದರು. ಮೇಜಿನ ಮೇಲೆ ಹಣ್ಣಿನ ಸಿಪ್ಪೆಯನ್ನು ಜೋಪಾನವಾಗಿ ಮಡಿಸಿಟ್ಟು ಪುಟ ಓದಿ, "ಈಗ ಸರಿಯಾಯ್ತು ನೋಡಿ. ಏನೂ ಹೇಳಲಿಲ್ಲ, ಆದ್ರೂ ಹೇಳಿದ ಹಾಗಾಯ್ತು" ಎಂದು ನಕ್ಕರು. ಒಳ್ಳೆಯ ಮನುಷ್ಯ, ಇನ್ನೂ ಚಿಕ್ಕ ಅಂತರದಲ್ಲಿ ಅಂಕಿ ಕೊಡಲು ಬಿಡಿ ಎಂದು ಕೋರ್ಟಿಗೆ ಹೋಗಿ ಸೋತು ಬಂದವರು.

"ಸರ್, ಒಂದು ಅನುಮಾನ. ಯಾರಾದ್ರೂ ಮುಖಾಮುಖಿ ಬಂದು ಕೇಳಿದ್ರೆ ಸುಳ್ಳು ಹೇಳಬೇಕು ಅಂತ ಇದೆಯಾ?"

"ಬಾಯಿ ಮುಚ್ಚಿಕೊಂಡಿರಿ ಅಂತ ಇದೆ. ಸುಳ್ಳು ಹೇಳಿ ಅಂತ ಇನ್ನೂ ಯಾವ ಕೋರ್ಟೂ ಹೇಳಿಲ್ಲ."

"ಬಾಯಿ ಮುಚ್ಚಿಕೊಂಡಿದ್ದರಿಂದಲೇ ಅವರಿಗೆ ಗೊತ್ತಾಗಿಬಿಟ್ರೆ?"

ವಕೀಲರು ಹಣ್ಣನ್ನು ಬಾಯಿಯ ಹತ್ತಿರ ಒಯ್ದವರು ಹಾಗೇ ನಿಲ್ಲಿಸಿದರು. "ಯಾರಮ್ಮ ಕೇಳಿದ್ದು?"

"ಯಾರೂ ಇಲ್ಲ ಸರ್. ಹೊಸಬರಿಗೆ ಪಾಠ ಮಾಡುವಾಗ ಬೇಕಾಗುತ್ತೆ."

"ಹಾಗೆ ಗೊತ್ತಾದ್ರೆ ಹೇಳಿದ್ದಕ್ಕೂ ಅದಕ್ಕೂ ವ್ಯತ್ಯಾಸ ಇಲ್ಲ ಅಂತ ಸರ್ಕಾರದವರು ವಾದ ಮಾಡ್ತಾರೆ. ನಾನು ಇದೆ ಅಂತ ವಾದ ಮಾಡ್ತೀನಿ. ಅಲ್ಲೀತನಕ ಗೊತ್ತಾದವರು ಗೊತ್ತಾಗದ ಹಾಗೆ ಇರಬೇಕು, ಅಷ್ಟೆ." ಅವರು ಪುಟವನ್ನು ಅವಳ ಕೈಗೆ ವಾಪಸ್ಸು ಕೊಟ್ಟರು. "ಅರ್ಧ ದಿನ ರಜ ಕೇಳಿದ್ರಂತೆ? ಹೋಗಿ ಬನ್ನಿ."

ಬಸ್ಸಿನಲ್ಲಿ ಅವಳು ಚಾಲಕನ ಹಿಂದಿನ ಸೀಟಿನಲ್ಲಿ ಕೂತಳು. ಅವನ ಕಣ್ಣುಗಳು ಕನ್ನಡಿಯಲ್ಲಿ ಕಾಣುತ್ತಿದ್ದವು, ಕೆಂಪಗಿದ್ದವು. ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ಅವನ ತಲೆ ಒಂದು ಸಲ ಸ್ಟಿಯರಿಂಗಿನ ಕಡೆ ವಾಲಿ ಮತ್ತೆ ಎದ್ದಿತು. ಇವನ ನಿದ್ದೆಗಾಗಿ ನನ್ನ ತಮ್ಮ ನಿದ್ದೆಗೆಟ್ಟಿದ್ದಾನೆ ಎಂದುಕೊಂಡಳು. ಅಂಥ ಮಾತು ಹೊಳೆದದ್ದಕ್ಕೆ ತನ್ನ ಮೇಲೇ ರೇಗಿತು. ಹೊಳೆಯುವ ಮಾತುಗಳಿಂದ ಏನಾಗಬೇಕಿದೆ. ಇಲ್ಲ ಎಂದುಬಿಟ್ಟರೆ ಏನಾಗುತ್ತದೆ? ಅವನು ಡಾಕ್ಟರ ಹತ್ತಿರ ಹೋಗುತ್ತಾನೆ, ಮಾತ್ರೆ ಕೊಡುತ್ತಾರೆ, ನಿದ್ದೆ ಬರುತ್ತದೆ, ಎಲ್ಲರಿಗೂ ಹಾಲು ಕುಡಿದಷ್ಟು ಸಂತೋಷ. ಆಮೇಲೆ ಅವನು ಜೀವಮಾನವಿಡೀ ತನ್ನ ಕಣ್ಣು ಕಂಡದ್ದನ್ನು, ಕಿವಿ ಕೇಳಿದ್ದನ್ನು ನಂಬದೆ ಹೆಂಡತಿಯನ್ನು ಕೇಳಿ ಕೇಳಿ ಬದುಕುತ್ತಾನೆ. ಇಲ್ಲ ಎನ್ನದಿದ್ದರೆ? ತನಗೆ ಜೈಲು. ಜೈಲಿನ ಚಿತ್ರ ಅವಳಿಗೆ ಸರಿಯಾಗಿ ಬರಲೇ ಇಲ್ಲ. ಬಂದದ್ದು ಆಫೀಸಿನವರೆಲ್ಲ ನೋಡುತ್ತಿರುವಾಗ ತಾನು ಡ್ರಾಯರಿನಿಂದ ಬಾಚಣಿಗೆ, ತಲೆನೋವಿನ ಮಾತ್ರೆ, ಹಳೆಯ ಸ್ವೆಟರು ತೆಗೆದು ಚೀಲಕ್ಕೆ ತುಂಬುತ್ತಿರುವ ಚಿತ್ರ, ಪಕ್ಕದಲ್ಲಿ ಕಾವಲಿನವನು. ಜೈಲಿಗಿಂತ ಅದಕ್ಕೇ ಹೆಚ್ಚು ಹೆದರಿದಳು. ಇಷ್ಟೇನಾ ನಾನು ಎಂದುಕೊಂಡಳು. ಇಳಿಯುವ ಹೊತ್ತಿಗೆ ಇಲ್ಲ ಎನ್ನುವುದೆಂದು ತೀರ್ಮಾನಿಸಿದ್ದಳು. ತಮ್ಮನ ಮನೆಯ ಮೆಟ್ಟಿಲು ಹತ್ತುತ್ತ ತುಟಿಯಲ್ಲೇ ಅಂದುಕೊಂಡು ನೋಡಿದಳು. ಸಲೀಸಾಗಿ ಬಂತು.

ಎಲ್ಲರೂ ಊಟದ ಮೇಜಿನ ಸುತ್ತ ಕೂತಿದ್ದರು, ಊಟ ಮುಗಿದಿತ್ತು. ಅಮ್ಮ ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತಿದ್ದವಳು ಇವಳನ್ನು ನೋಡಿ ಬಾ ಎನ್ನುವುದನ್ನೂ ಮರೆತು ತಮ್ಮನ ಕಡೆ ನೋಡಿದಳು. ತಮ್ಮನ ಹೆಂಡತಿ ಇಸ್ತ್ರಿಯ ಸೀರೆ ಉಟ್ಟು ಆಗಲೇ ತಯಾರಾಗಿದ್ದಳು. ಅವಳ ಫೋನು ಮೇಜಿನ ಮೇಲೆ, ನೀರಿನ ಜಗ್ಗಿಗೆ ಆನಿಸಿಟ್ಟಿತ್ತು. ತಮ್ಮ ಕ್ಷೌರ ಮಾಡಿಕೊಂಡಿದ್ದ, ಗಲ್ಲದ ಹತ್ತಿರ ಕೊಯ್ದುಕೊಂಡಿದ್ದ. ಅಷ್ಟು ಅಚ್ಚುಕಟ್ಟಾಗಿ ಅವನು ಕೂತಿದ್ದನ್ನು ಕಂಡು ಅವಳಿಗೆ ಅಳು ಬಂದಂತಾಯಿತು. ಮೊದಲ ಬಾರಿ ಕೆಲಸದ ಸಂದರ್ಶನಕ್ಕೆ ಹೋಗುವಾಗಲೂ ಹೀಗೇ ಕೂತಿದ್ದ.

"ಬಂದ್ಯಾ ಅಕ್ಕ. ಕೂತ್ಕೋ" ಎಂದ. ಅವಳು ಕೂತಳು. "ಹೆಚ್ಚು ಹೊತ್ತು ಎಳೆಯಲ್ಲ. ಒಂದೇ ಸಲ ಕೇಳ್ತೀನಿ. ನನ್ನ ಹೆಸರು ಬಂತಾ?"

ಕೇಳಿದ ರೀತಿ ಹಳೆಯದೇ, ಅದೇ ಪದಗಳು, ಆದರೆ ನಗು ಇರಲಿಲ್ಲ. ಅವಳು ಅವನ ಮುಖ ನೋಡಿದಳು. ಮೆಟ್ಟಿಲ ಮೇಲೆ ಬಂದ ಮಾತು ಈಗ ಬರಲಿಲ್ಲ; ಮೇಜಿನ ಮೇಲಿದ್ದ ಅನ್ನದ ಅಗುಳೊಂದನ್ನು ಬೆರಳಿನಿಂದ ಬದಿಗೆ ಸರಿಸಿದಳು.

"ಹೇಳೇ, ಇಲ್ಲ ಅನ್ನು. ಅದಕ್ಕೇನು ಇಷ್ಟು ಯೋಚನೆ" ಎಂದಳು ಅಮ್ಮ.

"ಅಂಥ ವಿಷಯದಲ್ಲಿ..." ಎಂದು ಶುರುವಾಯಿತು. ತನ್ನ ದನಿಯೇ ಅವಳಿಗೆ ಫೋನಿನಲ್ಲಿ ಗ್ರಾಹಕರಿಗೆ ಹೇಳುವ ದನಿಯಾಗಿ ಕೇಳಿಸಿತು. "ಅಂಥ ವಿಷಯದಲ್ಲಿ ಹೌದು ಅಂತಲೂ ಹೇಳೋಕಾಗಲ್ಲ, ಇಲ್ಲ ಅಂತಲೂ ಹೇಳೋಕಾಗಲ್ಲ."

"ಅತ್ತಿಗೆ!" ತಮ್ಮನ ಹೆಂಡತಿ ಎದ್ದೇ ನಿಂತಳು. "ಆಫೀಸಿನ ಮಾತು ಇಲ್ಲಿ ಯಾಕೆ? ನಿಮ್ಮ ತಮ್ಮ ಅಲ್ವಾ ಇವರು? ಬೇರೆಯವರಾಗಿದ್ರೆ ಇಷ್ಟು ಬೇಡಿಕೊಳ್ತಿದ್ನಾ ನಾನು? ಒಂದು ಮಾತಿಗೆ ನಿಮ್ಮ ಗಂಟೇನು ಹೋಗುತ್ತೆ?" ನಿನಗೆ ನಿಯಮಾನೇ ಹೆಚ್ಚಾಯ್ತಾ ಎಂದು ಅಮ್ಮ ಏನೋ ಅನ್ನುತ್ತಿದ್ದಳು. ಅವಳಿಗೆ ಅದಾವುದೂ ಸರಿಯಾಗಿ ಕೇಳಿಸಲಿಲ್ಲ. ಅವಳು ತಮ್ಮನನ್ನೇ ನೋಡುತ್ತಿದ್ದಳು. ಅವನ ಮುಖ ನಿಧಾನವಾಗಿ ಅರಳಿತು. ಇಷ್ಟು ವರ್ಷಗಳ ಇಲ್ಲಗಳನ್ನು ಕೇಳಿದವನಿಗೆ ಇವತ್ತು ಇಲ್ಲ ಬರಲಿಲ್ಲ ಎಂಬುದೇ ಸಾಕಾಗಿತ್ತು. ಹೆದರಿಕೆಯಲ್ಲ, ಸಿಟ್ಟಲ್ಲ, ಅಪ್ಪಟ ಸಂತೋಷ. ಪರೀಕ್ಷೆಯಲ್ಲಿ ಫೇಲಾದೆನೆಂದು ಕೂತವನಿಗೆ ಪಾಸೆಂದು ಹೇಳಿದರೆ ಬರುವಂಥದು. ನನಗೆ ಹುಚ್ಚಿಲ್ಲ, ನನಗೆ ಹುಚ್ಚಿಲ್ಲ ಎಂದು ಆ ಮುಖ ಹೇಳುತ್ತಿತ್ತು. ಅವಳಿಗೂ ಒಂದು ಕ್ಷಣ ಎದೆ ಹಗುರಾಯಿತು. ಆಮೇಲೆ ಅವನ ಕಣ್ಣು ಅವಳ ಕತ್ತಿನಲ್ಲಿ ಇನ್ನೂ ತೂಗುತ್ತಿದ್ದ ಆಫೀಸಿನ ಗುರುತಿನ ಚೀಟಿಯ ಮೇಲೆ ಬಿತ್ತು. ಅಲ್ಲಿಂದ ಜಗ್ಗಿಗೆ ಆನಿಸಿದ್ದ ಫೋನಿಗೆ ಹೋಯಿತು. ಅಲ್ಲಿಂದ ಮತ್ತೆ ಅವಳ ಮುಖಕ್ಕೆ. ಅವನು ಪಾಳಿ ಹಾಕುವವನು, ಒಬ್ಬನನ್ನು ಇಲ್ಲಿಂದ ತೆಗೆದರೆ ಯಾರು ಎಲ್ಲಿ ಸಿಕ್ಕಿಬೀಳುತ್ತಾರೆ ಎಂದು ಕೂಡಲೇ ಕಾಣುವವನು. ನಾಳೆಯಿಂದ ತಾನು ಮೇಲ್ ಬರೆಯುವುದು ಬಿಟ್ಟರೆ, ಸಂಘದವರಿಗೆ ಎಚ್ಚರಿಕೆ ಹೇಳಿದರೆ, ಹೆಂಡತಿಗೆ ಗುಟ್ಟಾಗಿ ಇದು ನಿಜ ಕಣೇ ಎಂದರೂ, ಯಾರ ಕುತ್ತಿಗೆಗೆ ಬರುತ್ತದೆ ಎಂಬುದು ಅವನಿಗೆ ಗೊತ್ತಾದದ್ದು ಅವಳಿಗೆ ಗೊತ್ತಾಯಿತು. ಅರಳಿದ ಮುಖವನ್ನು ಅವನು ಮತ್ತೆ ಮುದುರಿಕೊಂಡ. ಕಷ್ಟಪಟ್ಟು, ಎಲ್ಲರೂ ನೋಡುತ್ತಿದ್ದಂತೆಯೇ.

"ಬಿಡೇ, ಅಕ್ಕನ ಮೇಲೆ ಯಾಕೆ ಕೂಗಾಡ್ತೀಯ" ಎಂದ ಹೆಂಡತಿಗೆ. "ಅವಳು ಎಲ್ಲರಿಗೂ ಹೀಗೇ ಹೇಳೋದು. ಇದ್ದಿದ್ರೆ ಅವಳ ಮುಖ ನೋಡಿದ್ರೆ ಗೊತ್ತಾಗ್ತಿರಲಿಲ್ವಾ? ಏನೂ ಇಲ್ಲ. ನನ್ನ ತಲೇನೇ ಕೆಟ್ಟಿರೋದು. ನಡಿ, ಚಪ್ಪಲಿ ಹಾಕ್ಕೋ, ಲೇಟಾಗುತ್ತೆ."

ತಮ್ಮನ ಹೆಂಡತಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಅಮ್ಮ ಮೇಲೆ ನೋಡಿ ಕೈಮುಗಿದಳು. ನೀನೂ ಬಾ ಅಕ್ಕ ಎಂದು ತಮ್ಮ ಕರೆದ. ಬೇಡ ಎನ್ನಲು ಅವಳಿಗೆ ಧೈರ್ಯವಿರಲಿಲ್ಲ. ರಸ್ತೆಯಲ್ಲಿ ಅವನು ಹೆಂಡತಿಯ ಜೊತೆ ಮುಂದೆ ನಡೆದ, ಇವಳು ಹಿಂದೆ. ಅವನ ಹೆಂಡತಿ ಎಷ್ಟೋ ದಿನಗಳ ಮೇಲೆ ಅವನ ತೋಳು ಹಿಡಿದುಕೊಂಡಿದ್ದಳು, ಏನೇನೋ ಹೇಳುತ್ತಿದ್ದಳು, ಅವನು ಹೂಂ ಹೂಂ ಎನ್ನುತ್ತಿದ್ದ. ಓಡಿ ಹೋಗಿ ಇಬ್ಬರನ್ನೂ ನಿಲ್ಲಿಸಿ ಹೇಳಿಬಿಡಬೇಕೆಂದು ಎರಡು ಮೂರು ಸಲ ಅನ್ನಿಸಿತು. ಪ್ರತಿ ಸಲವೂ ರಸ್ತೆ ದಾಟುವುದೋ, ಸೈಕಲ್ ಅಡ್ಡ ಬರುವುದೋ ಏನೋ ಒಂದು ಆಯಿತು, ಆದದ್ದಕ್ಕೆ ಅವಳಿಗೆ ನೆಮ್ಮದಿಯೂ ಆಯಿತು.

ಡಾಕ್ಟರ ಕೋಣೆಯಲ್ಲಿ ಮೂರೇ ಕುರ್ಚಿ. ಹೆಂಡತಿ ಹೊರಗೆ ಕೂರುತ್ತೇನೆಂದಳು, ಅತ್ತಿಗೆ ನೀವೇ ಹೋಗಿ, ನಿಮಗೆ ಎಲ್ಲ ಗೊತ್ತಿದೆ ಎಂದಳು. ಡಾಕ್ಟರು ವಯಸ್ಸಾದವರು, ಮೃದು ಮಾತಿನವರು, ಅವಸರವಿಲ್ಲದವರು. ತಮ್ಮ ಎಲ್ಲವನ್ನೂ ಹೇಳಿದ: ಬೀಗ, ಪೊಲೀಸರು, ಕಳಿಸದ ಮೇಲ್, ನಲ್ಲಿಯ ನೀರು. ಒಂದನ್ನೂ ಬಿಡಲಿಲ್ಲ. ಪ್ರತಿಯೊಂದರ ಕೊನೆಗೂ, ಹಾಗೆ ನನಗೆ ಅನ್ನಿಸ್ತು ಡಾಕ್ಟ್ರೇ, ಎಂದು ಸೇರಿಸಿದ. ಇಷ್ಟು ಅಚ್ಚುಕಟ್ಟಾದ ಬುದ್ಧಿಯವನು ತಾನು ಬುದ್ಧಿಗೆಟ್ಟವನೆಂದು ಸಾಬೀತು ಮಾಡುತ್ತಿದ್ದುದನ್ನು ಅವಳು ಮಂಡಿಯ ಮೇಲೆ ಕೈ ಜೋಡಿಸಿಕೊಂಡು ಕೇಳಿದಳು. ಡಾಕ್ಟರು ಬರೆದುಕೊಂಡರು. ರೋಗಿಗೇ ಇದು ಭ್ರಮೆ ಅಂತ ಗೊತ್ತಾಗೋದು ಬಹಳ ಒಳ್ಳೆಯ ಲಕ್ಷಣ, ಬೇಗ ಗುಣವಾಗುತ್ತೆ ಎಂದರು. ಆಮೇಲೆ ಅವಳ ಕಡೆ ತಿರುಗಿದರು.

"ನೀವು ಅಕ್ಕ ಅಲ್ವಾ? ಅಂಥ ಕಂಪನಿಯಲ್ಲೇ ಕೆಲಸ ಅಂತ ಹೇಳಿದ್ರು. ಔಷಧ ಬರೆಯೋಕೆ ಮುಂಚೆ ಒಂದು ಮಾತು ಕೇಳಿಬಿಡಬೇಕು. ಇವರು ಹೇಳೋದರಲ್ಲಿ ಏನಾದ್ರೂ ನಿಜ ಇರೋ ಸಾಧ್ಯತೆ ಇದೆಯಾ?"

ಇಲ್ಲಿ ಯಾವ ವಾಕ್ಯ ಹೇಳಬೇಕೆಂದು ಯಾರೂ ಕಲಿಸಿರಲಿಲ್ಲ. ಅವಳು ಬಾಯಿ ತೆರೆದಳು.

"ಅಯ್ಯೋ, ಏನೂ ಇಲ್ಲ ಡಾಕ್ಟ್ರೇ" ಎಂದ ತಮ್ಮ, ಅವಳಿಗಿಂತ ಮುಂಚೆ. "ಅಕ್ಕ ಇಲ್ಲ ಅಂತ ಹೇಳಿದ ಮೇಲೇನೇ ನಾನು ಇಲ್ಲಿಗೆ ಬಂದಿದ್ದು. ಅಲ್ವಾ ಅಕ್ಕ?"

ಅವನು ಅವಳ ಕಡೆ ನೋಡಲಿಲ್ಲ. ಡಾಕ್ಟರು ಪೆನ್ನು ಹಿಡಿದು ಕಾಯುತ್ತಿದ್ದರು. ಸುಳ್ಳು ಹೇಳಿ ಎಂದು ಅವಳಿಗೆ ಈವರೆಗೆ ಯಾವ ಕಾನೂನೂ ಹೇಳಿರಲಿಲ್ಲ, ಈಗಲೂ ಯಾರೂ ಹೇಳುತ್ತಿರಲಿಲ್ಲ. ಅವಳು ಹೌದೆಂದು ತಲೆಯಾಡಿಸಿದಳು. ಡಾಕ್ಟರು ಚೀಟಿಯಲ್ಲಿ ಮಾತ್ರೆಯ ಹೆಸರು ಬರೆಯತೊಡಗಿದರು.